ತವರಿನ ಕಾಡು

ಹೆಂಡತಿಗೆ ತವರಿನ ನೆನಪಾದರೆ ಗಂಡಂದಿರು ಸಾಮಾನ್ಯವಾಗಿ ಬಸ್ಸಿನ ಟಿಕೆಟ್ ತೆಗೆಸಿಕೊಡುತ್ತಾರೆ. ಡೊನಾಲ್ಡ್ ಸ್ಮಿತ್ ಸಾಹೇಬರು ಕಾಡನ್ನೇ ನೆಡಿಸಿದರು.

ಸ್ಕಾಟ್‌ಲೆಂಡಿನ ಗ್ಲೆನ್‌ಕೋ ಹಳ್ಳಿಯ ಮಗ್ಗುಲಲ್ಲಿರುವ ಗ್ಲೆನ್‌ಕೋ ಲೋಖನ್ ಎಂಬ ಪುಟ್ಟ ಕೆರೆಯ ಸುತ್ತ ಆ ಕಾಡು ಈಗಲೂ ಇದೆ. ಸಾಹೇಬರು ಸ್ಕಾಟ್‌ಲೆಂಡಿನವರೇ. ಎಳೆಯ ವಯಸ್ಸಿನಲ್ಲಿ ಕೆನಡಾಕ್ಕೆ ಹೋಗಿ, ತುಪ್ಪಳ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಯಲ್ಲಿ ಗುಮಾಸ್ತಿಕೆಯಿಂದ ಮೇಲೇರಿ, ರೈಲಿನಲ್ಲಿ ಹಣ ಹೂಡಿದವರು. 1885ರ ನವೆಂಬರ್ 7ರಂದು ಕೆನಡಿಯನ್ ಪೆಸಿಫಿಕ್ ರೈಲುಮಾರ್ಗದ ಕೊನೆಯ ಮೊಳೆ ಹೊಡೆದವರು ಇವರೇ. ಮೊದಲ ಮೊಳೆ ಏಟಿಗೆ ಸೊಟ್ಟಗಾಗಿ, ಇನ್ನೊಂದನ್ನು ಇಡಬೇಕಾಯಿತು. 1890ರ ದಶಕದಲ್ಲಿ ಗ್ಲೆನ್‌ಕೋದಲ್ಲಿ ಎಸ್ಟೇಟ್ ಕೊಂಡು ಬಂಗಲೆ ಕಟ್ಟಿಸಿದರು. ಕೆನಡಾದಲ್ಲೇ ಹುಟ್ಟಿ ಬೆಳೆದ ಪತ್ನಿ ಇಸಬೆಲ್ಲಾಗೆ ಮಾತ್ರ ಇಲ್ಲಿ ಮನಸ್ಸು ನಿಲ್ಲಲಿಲ್ಲ. ಸಾಹೇಬರು ಕೆರೆ ಮಾಡಿಸಿ, ಸುತ್ತಲೂ ಉತ್ತರ ಅಮೆರಿಕದ ಮರಗಳನ್ನು ನೆಡಿಸಿದರು.

ಹೀಗಾಗಿ, 'ಅಪ್ಪಟ ಸ್ಕಾಟ್‌ಲೆಂಡ್' ಎಂದು ನಾವು ಫೋಟೊ ತೆಗೆದುಕೊಳ್ಳುವ ಈ ದೃಶ್ಯದಲ್ಲಿ ಹಿಂದಿನ ಬೆಟ್ಟ ಮಾತ್ರ ಸ್ಥಳೀಯ. ಅದು ಪ್ಯಾಪ್ ಆಫ್ ಗ್ಲೆನ್‌ಕೋ, 742 ಮೀಟರ್. ನೀರು ಅಲುಗದಿದ್ದರೆ ತಲೆಕೆಳಗಾಗಿ ಕೆರೆಯೊಳಗೂ ನಿಲ್ಲುತ್ತದೆ. ಮುಂದಿರುವ ಮರಗಳೆಲ್ಲ ವಲಸಿಗರ ಮಕ್ಕಳು. ದಾರಿಯಲ್ಲಿ ಬಿದ್ದಿದ್ದ ಡಗ್ಲಸ್ ಫರ್ ಮರದ ಕಾಯೊಂದನ್ನು ಎತ್ತಿಕೊಂಡೆ. ಪ್ರತಿ ಹುರುಪೆಯ ಅಡಿಯಿಂದಲೂ ಮೂರು ಮೊನೆಯ ನಾಲಿಗೆಯೊಂದು ಹೊರಚಾಚಿತ್ತು. ಪುಟ್ಟ ಇಲಿಯೊಂದು ಒಳಹೊಕ್ಕು, ಹಿಂಗಾಲು ಮತ್ತು ಬಾಲವನ್ನು ಹೊರಗೇ ಬಿಟ್ಟಂತೆ. ಸೂಜಿ ಎಲೆಯನ್ನು ಹೊಸಕಿದರೆ ಕಿತ್ತಳೆ ಸಿಪ್ಪೆಯ ವಾಸನೆ. ಈ ಮರದ ಬೀಜವನ್ನು 1827ರಲ್ಲಿ ಬ್ರಿಟನ್ನಿಗೆ ತಂದ ಡೇವಿಡ್ ಡಗ್ಲಸ್ ಕೂಡ ಸ್ಕಾಟ್‌ಲೆಂಡಿನವನೇ ಎಂಬುದು ತಮಾಷೆ.

ಮರಗಳು ಚೆನ್ನಾಗಿಯೇ ಒಗ್ಗಿಕೊಂಡವು. ಪಶ್ಚಿಮ ಕರಾವಳಿಯ ಮಳೆ ಅವಕ್ಕೆ ತವರಿನಂತೆಯೇ ಕಂಡಿರಬೇಕು. ಒಗ್ಗದೆ ಉಳಿದವರು ಯಾರಿಗಾಗಿ ಇದೆಲ್ಲ ನಡೆಯಿತೋ ಅವರೊಬ್ಬರೇ. ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಕತೆ ಇದರ ತಿರುವುಮುರುವು. ಮನೆಯವರು ಮಳೆ, ಚಳಿ, ಸಾಲದ ಕಂತು ಎಲ್ಲಕ್ಕೂ ಹೊಂದಿಕೊಂಡಿರುತ್ತಾರೆ. ಅಡುಗೆಮನೆಯ ಕಿಟಕಿಯಲ್ಲಿರುವ ಕರಿಬೇವಿನ ಗಿಡ ಮಾತ್ರ ಡಿಸೆಂಬರ್ ಬಂದೊಡನೆ ಎಲೆ ಉದುರಿಸಿ ಮುನಿಸಿಕೊಳ್ಳುತ್ತದೆ. ಅದಕ್ಕೆ ನಡೆಯುವ ಉಪಚಾರ ಮನೆಗೆ ಬಂದ ನೆಂಟರಿಗೂ ಇಲ್ಲ.

ಇಲ್ಲಿ ಗುರುತು ಹಾಕಿದ ಮೂರು ಕಾಲುದಾರಿಗಳಿವೆ. ಕೆರೆ ಸುತ್ತುವ ದಾರಿ ಸಮತಟ್ಟಾಗಿದ್ದು ಅಜ್ಜಿಯರಿಗೂ ಸಲ್ಲುತ್ತದೆ. ನನ್ನ ಓಟು ಬೆಟ್ಟದ ದಾರಿಗೆ. ಏದುಸಿರು ಬಿಡಿಸಿದ ಮೇಲೆ ಲಾಖ್ ಲೆವೆನ್ ಸರೋವರವನ್ನು ತೋರಿಸುತ್ತದೆ. ಸರೋವರವೆಂದರೂ ಅದು ಸಮುದ್ರದ ತೋಳು. ಉಪ್ಪುನೀರು, ಉಬ್ಬರವಿಳಿತ ಎಲ್ಲ ಉಂಟು. ಇನ್ನೊಂದು ಲಾಭ, ಮೇಲೆ ಗಾಳಿ ಬೀಸುತ್ತಿದ್ದರೆ ಮಿಜ್ ನುಸಿಗಳ ಕಾಟವಿಲ್ಲ. ಕೆಳಗೆ, ಗಾಳಿಯಿಲ್ಲದ ಬೇಸಿಗೆಯ ಸಂಜೆ ಕೆರೆಯಂಚಿನಲ್ಲಿ ಕುಳಿತು ಕವಿತೆ ಬರೆಯುತ್ತೇನೆಂದವರು ಎರಡು ಸಾಲಿಗೆ ಎದ್ದು ಓಡುತ್ತಾರೆ. ಕನ್ನಡಿಯಂಥ ನೀರು ಬೇಕೆಂದರೆ ನುಸಿಗಳನ್ನೂ ಒಪ್ಪಿಕೊಳ್ಳಬೇಕು.

ಸಾಹೇಬರ ಬಂಗಲೆ ಆಮೇಲೆ ಆಸ್ಪತ್ರೆಯಾಗಿ, ಈಗ ಐಷಾರಾಮಿ ಹೋಟೆಲಾಗಿದೆ. ಅಲ್ಲಿ ತಂಗುವುದು ನನ್ನಂಥವರ ಜೇಬಿಗೆ ಆಗದ ಮಾತು. ಕಾಡಿಗೆ ಟಿಕೆಟ್ ಇಲ್ಲ, ಆದ್ದರಿಂದ ಇನ್ನೊಂದು ಸುತ್ತು ಹೊಡೆದೆ.