ದಿನಕ್ಕೆ ಹನ್ನೆರಡು ಲಕ್ಷ ರೊಟ್ಟಿ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಯಾವುದಾದರೂ ಚಹಾದಂಗಡಿಯ ಮುಂದೆ ನಿಂತು, "ರೊಟ್ಟಿ ತರಿಸೋ ಆ್ಯಪ್ ಮಾಡಬೇಕಂತೀನಿ" ಎಂದು ಒಂದು ಮಾತು ಬಿಟ್ಟು ನೋಡಿ. ಚಹಾ ಮುಗಿಯುವುದರೊಳಗೆ ಸಲಹೆಗಳ ಸಂತೆಯೇ ನೆರೆದಿರುತ್ತದೆ. "ಉದ್ರಿ ಬರಿಯೋದು ಇಡ್ರಿ", "ಮೊದಲ್ನೇ ಆರ್ಡರ್ ಫ್ರೀ ಕೊಡ್ರಿ", "ಜೋಡಿ ಶೇಂಗಾ ಹಿಂಡಿ ಇರ್ಲಿ". ಆ್ಯಪ್ ಯಾರಿಗೆ, ಅವರಿಗೆ ಈಗ ಇರುವ ತೊಂದರೆ ಏನು ಎಂದು ಯಾರೂ ಕೇಳುವುದಿಲ್ಲ. ಚಹಾದಂಗಡಿಯಲ್ಲಿ ಇದು ಪ್ರೀತಿ. ಆ್ಯಪಿನಲ್ಲಿ ಏನಿರಬೇಕು, ಏನು ಬೇಡ ಎಂದು ತೀರ್ಮಾನಿಸುವ ಪ್ರಾಡಕ್ಟ್ ಮ್ಯಾನೇಜರ್ ಹುದ್ದೆಯ ಸಂದರ್ಶನದಲ್ಲಿ ಇದಕ್ಕೇ ಅಂಕ ಹೋಗುವುದು.

ಅದೇ ರೊಟ್ಟಿಯ ಪ್ರಶ್ನೆ ಅಲ್ಲಿ ಬಂತೆನ್ನಿ. ಸಂದರ್ಶನದ ಒಂದು ಸುತ್ತು ಸಾಮಾನ್ಯವಾಗಿ 45 ನಿಮಿಷದ್ದು. ಮೊದಲ ಐದು ನಿಮಿಷ ಬರೀ ಕೇಳುವುದಕ್ಕೆ ಇಡಬೇಕು: ಗುರಿ ಆದಾಯವೋ, ಹೊಸ ಗಿರಾಕಿಗಳೋ? ಒಂದೇ ಊರೋ, ಹಲವೋ? ಆಮೇಲೆ ಬಳಕೆದಾರರನ್ನು ಬಿಡಿಸಿ ಹೇಳಬೇಕು. ಪಿಜಿಯಲ್ಲಿರುವ ಹುಡುಗರು, ಮದುವೆಗೆ ಐನೂರು ಕಡಕ್ ರೊಟ್ಟಿ ಬೇಕೆನ್ನುವವರು, ರೊಟ್ಟಿ ಕೇಂದ್ರದಲ್ಲಿ ಬಡಿಯುವ ಅಕ್ಕಂದಿರು. ಮೂವರನ್ನೂ ಒಟ್ಟಿಗೆ ಮೆಚ್ಚಿಸಲು ಹೊರಟರೆ ಸಮಯ ಸಾಲದು; ಒಬ್ಬರನ್ನು ಆರಿಸಿ, ಯಾಕೆ ಎಂದು ಹೇಳಿ. ಅಕ್ಕಂದಿರನ್ನು ಆರಿಸಿದರೆ ಒಂದು ಸಂಗತಿ ಕೂಡಲೇ ಕಾಣುತ್ತದೆ: ಅವರ ಕೈ ತುಂಬ ಹಿಟ್ಟು. ಪ್ರತಿ ಆರ್ಡರಿಗೂ ಫೋನ್ ಒತ್ತು ಎನ್ನುವ ಆ್ಯಪ್ ಅಲ್ಲಿ ನಡೆಯುವುದಿಲ್ಲ. ರಾತ್ರಿ ಒಂಬತ್ತಕ್ಕೆ ಆರ್ಡರ್ ನಿಲ್ಲಿಸಿ, ಬೆಳಿಗ್ಗೆ ಒಟ್ಟು ಎಷ್ಟೆಂದು ಫೋನೇ ಓದಿ ಹೇಳಿದರೆ ಸಾಕು. ಗೆದ್ದೆವೋ ಇಲ್ಲವೋ ಎಂಬುದಕ್ಕೆ ಡೌನ್‌ಲೋಡ್ ಎಣಿಸಬೇಡಿ. ಹೊತ್ತಿಗೆ ಸರಿಯಾಗಿ ತಲುಪಿದ ಆರ್ಡರ್ ನೂರಕ್ಕೆ ಎಷ್ಟು ಎಂದು ನೋಡಿ.

ಇನ್ನು ಅಂದಾಜಿನ ಪ್ರಶ್ನೆ. ಕಲಬುರಗಿ ನಗರ ದಿನಕ್ಕೆ ಎಷ್ಟು ಜೋಳದ ರೊಟ್ಟಿ ತಿನ್ನುತ್ತದೆ? 2011ರ ಜನಗಣತಿಯಲ್ಲೇ ನಗರ ಐದು ಲಕ್ಷ ದಾಟಿತ್ತು. ಲೆಕ್ಕಕ್ಕೆ ಆರು ಲಕ್ಷ ಹಿಡಿಯೋಣ. ರೊಟ್ಟಿಯ ಮನೆಗಳು ಮುಕ್ಕಾಲು ಪಾಲು ಎಂದರೆ ನಾಲ್ಕೂವರೆ ಲಕ್ಷ ಜನ. ಸಣ್ಣ ಮಕ್ಕಳನ್ನು ಬಿಟ್ಟರೆ ನಾಲ್ಕು ಲಕ್ಷ. ತಲೆಗೆ ಮೂರರಂತೆ ಹನ್ನೆರಡು ಲಕ್ಷ ರೊಟ್ಟಿ. ಇಲ್ಲಿಗೇ ನಿಂತರೆ ಅರ್ಧ ಉತ್ತರ. ರೊಟ್ಟಿಗೆ 60 ಗ್ರಾಂ ಹಿಟ್ಟು ಎಂದರೆ 72 ಟನ್, ಹತ್ತು ಟನ್ನಿನ ಲಾರಿಯಲ್ಲಿ ಏಳೆಂಟು ಲೋಡು. ಊರಿಗೆ ದಿನಾ ಅಷ್ಟು ಜೋಳ ಬರಬಹುದೇ? ಬರಬಹುದು ಅನಿಸಿದರೆ ಲೆಕ್ಕ ದಾರಿಯಲ್ಲಿದೆ. ಎಪ್ಪತ್ತು ಲಾರಿ ಬಂದಿದ್ದರೆ ಎಲ್ಲೋ ಒಂದು ಸೊನ್ನೆ ಹೆಚ್ಚಾಗಿದೆ. "11,83,450" ಎಂದು ಬಿಡಿ ಸಂಖ್ಯೆವರೆಗೂ ಹೇಳುವವರನ್ನು ಕಂಡರೆ ಸಂದರ್ಶಕರಿಗೆ ಭಯ. ಮುಕ್ಕಾಲು, ಮೂರು ಇವೆಲ್ಲ ನಿಮ್ಮ ಊಹೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು.

ಅತ್ಯಂತ ರುಚಿಯಾದ ಪ್ರಶ್ನೆ ಮಾತ್ರ ಇದು: "ಆರ್ಡರ್ ನೂರಕ್ಕೆ ಇಪ್ಪತ್ತು ಇಳಿದಿದೆ, ಯಾಕೆ?" ಡಿಸ್ಕೌಂಟ್ ಕೊಡೋಣ ಎಂದು ಬಾಯಿ ತೆರೆಯುವ ಮುನ್ನ, ಇಳಿದದ್ದು ನಿಜವೋ, ಎಣಿಸುವ ಯಂತ್ರ ಕೆಟ್ಟಿದೆಯೋ ಕೇಳಿ. ಆ್ಯಪಿನ ಹೊಸ ಆವೃತ್ತಿ ಬಂದಿತ್ತೇ? ಎಲ್ಲ ಬಡಾವಣೆಗಳಲ್ಲೋ, ಜೇವರ್ಗಿ ರಸ್ತೆಯಲ್ಲಿ ಮಾತ್ರವೋ? ಹಗಲೋ, ರಾತ್ರಿಯೋ? ಯಾವುದಕ್ಕೆ ಹೋಲಿಸಿ ಇಳಿತ ಎನ್ನುತ್ತೀರಿ? ಹೋದ ವರ್ಷದ ಇದೇ ವಾರಕ್ಕೆ ಎಂದರೆ ಅಲ್ಲೇ ತಡೆಯಿರಿ. ಚಂದ್ರನನ್ನು ನೋಡಿ ಎಣಿಸುವ ಇಸ್ಲಾಮಿ ಹಿಜರಿ ವರ್ಷ ಇಂಗ್ಲಿಷ್ ಕ್ಯಾಲೆಂಡರಿಗಿಂತ ಸುಮಾರು 11 ದಿನ ಚಿಕ್ಕದು, ಹಾಗಾಗಿ ರಂಜಾನ್ ಪ್ರತಿವರ್ಷ ಹಿಂದಕ್ಕೆ ಸರಿಯುತ್ತದೆ. ಬಂದೇನವಾಜ್ ದರ್ಗಾದ ಉರುಸೂ ಅಷ್ಟೆ. ಹೋಳಿಯ ನಂತರದ ಶರಣಬಸವೇಶ್ವರ ಜಾತ್ರೆಯೂ ಚಂದ್ರನನ್ನೇ ನೋಡುತ್ತದೆ. ಈ ವರ್ಷದ ಉಪವಾಸದ ವಾರವನ್ನು ಹೋದ ವರ್ಷದ ಸಾಮಾನ್ಯ ವಾರದ ಪಕ್ಕ ಇಟ್ಟರೆ, ಏನೂ ಕೆಡದೆಯೇ ಮಧ್ಯಾಹ್ನದ ಆರ್ಡರ್ ಬಿದ್ದಂತೆ ಕಾಣುತ್ತದೆ.

ಈ ವಿಚಾರಣೆ ಹೊಸದೇನಲ್ಲ. 1931ರಲ್ಲಿ ಸಾಬೂನು ಮಾರುವ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ನೀಲ್ ಮೆಕೆಲ್ರಾಯ್, ಒಂದೊಂದು ಬ್ರ್ಯಾಂಡನ್ನು ಪೂರ್ತಿ ನೋಡಿಕೊಳ್ಳುವ ಜನ ಬೇಕೆಂದು ಟಿಪ್ಪಣಿ ಬರೆದ. ಈ ಹುದ್ದೆಯ ಬೇರು ಅಲ್ಲಿದೆ ಎನ್ನುತ್ತಾರೆ. ಅವರ ಕೆಲಸದ ಪಟ್ಟಿಯಲ್ಲಿ ಮೊದಮೊದಲಿಗೇ ಇದ್ದದ್ದು, ಮಾರಾಟ ಎಲ್ಲಿ ಚೆನ್ನಾಗಿದೆ, ಎಲ್ಲಿ ಸೊರಗಿದೆ ಎಂದು ನೋಡುವುದು. ಸಾಬೂನು ಮಾರುವವರು ಕೇಳುತ್ತಿದ್ದುದನ್ನೇ ಇಂದು ಆ್ಯಪಿನವರು ಕೇಳುತ್ತಾರೆ.

ಸಂದರ್ಶನದಲ್ಲಿ ಹೇಳಲು ಹಳೆ ಕೆಲಸದ ಅನುಭವಗಳನ್ನು ಆರೆಂಟು ಬರೆದಿಟ್ಟುಕೊಳ್ಳಿ. ಒಂದೊಂದೂ ಎರಡು ನಿಮಿಷ ಮೀರದಿರಲಿ. ತಂಡಕ್ಕೆ ಶ್ರೇಯ ಕೊಡಿ, ಆದರೆ ತೀರ್ಮಾನ ಯಾರದೆಂದು ಮುಚ್ಚಿಡಬೇಡಿ. ಒಂದಾದರೂ ಸೋತ ಕೆಲಸದ್ದಿರಲಿ.

ಮನೆಯಿಂದಲೇ ಆನ್‌ಲೈನ್ ಸಂದರ್ಶನವಾದರೆ ಕಲಬುರಗಿಯ ಮೇ ತಿಂಗಳು ಇನ್ನೊಬ್ಬ ಪರೀಕ್ಷಕ. ಕೂಲರ್ ಹಾಕಿದರೆ ಮೈಕಿನಲ್ಲಿ ಅದರದೇ ಭಾಷಣ, ಆರಿಸಿದರೆ 42 ಡಿಗ್ರಿ. ಒಂದು ತಾಸು ಮೊದಲು ಹಾಕಿ ಕೋಣೆ ತಂಪು ಮಾಡಿ, ಕರೆ ಶುರುವಾದಾಗ ಆರಿಸುವುದೇ ದಾರಿ. ಇನ್ವರ್ಟರಿನ ಲೈನಿಗೆ ಫ್ಯಾನಿನ ಜೊತೆ ರೌಟರನ್ನೂ ಸೇರಿಸಿ. ಬೇರೆ ಕಂಪನಿಯ ಸಿಮ್ಮಿನ ಹಾಟ್‌ಸ್ಪಾಟ್ ಪಕ್ಕದಲ್ಲಿರಲಿ. ಕುಕ್ಕರ್ ಯಾವಾಗ ಇಡಬೇಕೆಂದು ಅವ್ವನ ಜೊತೆ ಮೊದಲೇ ಮಾತಾಡಿಕೊಳ್ಳಿ.

ಕೊನೆಗೆ "ನಿಮಗೇನಾದರೂ ಕೇಳುವುದಿದೆಯೇ?" ಎಂದಾಗ ಸಂಬಳ ಎತ್ತಬೇಡಿ, ಅದು ಎಚ್‌ಆರ್ ಸುತ್ತಿನ ಮಾತು. ಕಳೆದ ಆರು ತಿಂಗಳಲ್ಲಿ ಜನ ಕೇಳಿದರೂ ನೀವು ಮಾಡದೆ ಬಿಟ್ಟದ್ದು ಯಾವುದು, ಬೇಡ ಎಂದವರು ಯಾರು ಎಂದು ಕೇಳಿ. ಎದುರಿನವರು ತಡವರಿಸಿದರೆ, ಆ ಕಂಪನಿಯಲ್ಲಿ ಈ ಹುದ್ದೆಗೆ ಎಷ್ಟು ಅಧಿಕಾರವಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.