ಏಪ್ರಿಲ್‌ನಲ್ಲಿ ದಯವಿಟ್ಟು ಬೆಟ್ಟ ಹತ್ತಬೇಡಿ

ನ್ಯೂಯಾರ್ಕ್ ರಾಜ್ಯದ ಉತ್ತರಕ್ಕಿರುವ ಅಡಿರಾಂಡ್ಯಾಕ್ ಪಾರ್ಕ್‌ನ ಯಾವ ಜಾಹೀರಾತು ನೋಡಿದರೂ ಒಂದೇ ಮಾತು: ವರ್ಷವಿಡೀ ಸಾಹಸ. ಜೊತೆಗೆ ನಾಲ್ಕು ಫೋಟೋ. ಬೇಸಿಗೆಗೆ ದೋಣಿ, ಅಕ್ಟೋಬರ್‌ಗೆ ಕೆಂಪು ಎಲೆ, ಚಳಿಗಾಲಕ್ಕೆ ಸ್ಕೀ, ವಸಂತಕ್ಕೆ ಹೂವು. ಮೊದಲ ಮೂರಕ್ಕೆ ನನ್ನದೇನೂ ತಕರಾರಿಲ್ಲ. ನಾಲ್ಕನೆಯದು ಮಾತ್ರ ಬರೀ ಓಳು.

ಅಲ್ಲಿ ವಸಂತ ಅಂದರೆ ಕೆಸರು. ಊರಿನವರು ಮಡ್ ಸೀಸನ್ ಅಂತಲೇ ಕರೆಯುತ್ತಾರೆ. ಮೇಲಿನ ಹಿಮ ಕರಗುತ್ತಿರುತ್ತದೆ, ಕೆಳಗಿನ ಮಣ್ಣು ಇನ್ನೂ ಹೆಪ್ಪುಗಟ್ಟಿರುತ್ತದೆ. ನೀರು ಇಂಗಲು ಜಾಗವೇ ಇಲ್ಲ. ಅಲ್ಲಿನ ಹಳೆಯ ಕಾಲುದಾರಿಗಳು ಬೇರೆ ಸುತ್ತಿ ಬಳಸಿ ಹೋಗುವುದಿಲ್ಲ, ನೆಟ್ಟಗೆ ಬೆಟ್ಟ ಏರುತ್ತವೆ. ಹಾಗಾಗಿ ಕರಗಿದ ನೀರೆಲ್ಲ ದಾರಿಯಲ್ಲೇ ಇಳಿಯುತ್ತದೆ. ನಡೆಯುವವರು ಏನು ಮಾಡುತ್ತಾರೆ? ಬೂಟು ಒದ್ದೆಯಾಗದಿರಲಿ ಅಂತ ಅಂಚಿಗೆ ಸರಿಯುತ್ತಾರೆ. ನಾಳೆ ಬಂದವರು ಇನ್ನೊಂದು ಹೆಜ್ಜೆ ಆಚೆ. ಒಬ್ಬರು ನಡೆಯುವಷ್ಟಿದ್ದ ದಾರಿ ನೋಡನೋಡುತ್ತಿದ್ದಂತೆ ಗಾಡಿ ಹೋಗುವಷ್ಟು ಅಗಲವಾಗುತ್ತದೆ, ಪಕ್ಕದ ಬೇರುಗಳೆಲ್ಲ ಬೆತ್ತಲಾಗುತ್ತವೆ.

ಅದಕ್ಕೇ ರಾಜ್ಯದ ಪರಿಸರ ಇಲಾಖೆ ಪ್ರತಿ ವಸಂತದಲ್ಲೂ ಕೇಳಿಕೊಳ್ಳುತ್ತದೆ: 2,500 ಅಡಿಗಿಂತ ಮೇಲಿನ ದಾರಿಗಳಿಗೆ ಒಣಗುವ ತನಕ ಹೋಗಬೇಡಿ. ಗಮನಿಸಿ, ಇದು ವಿನಂತಿ. ದಂಡ ಇಲ್ಲ, ಗೇಟ್ ಹಾಕುವುದಿಲ್ಲ. ಹಾಕಲು ಅಲ್ಲಿ ಗೇಟೇ ಇಲ್ಲ ಬಿಡಿ. ಸುಮಾರು 60 ಲಕ್ಷ ಎಕರೆಯ ಪಾರ್ಕ್, ಅಮೆರಿಕದ ಹೆಸರಾಂತ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಎರಡೂವರೆ ಪಟ್ಟಿಗಿಂತ ದೊಡ್ಡದು. ಒಳಗೆ ಬರಲು ಟಿಕೆಟ್ ಇಲ್ಲ. ಹೆಚ್ಚುಕಮ್ಮಿ ಅರ್ಧ ಜಮೀನು ಖಾಸಗಿಯವರದ್ದು. ಊರು, ಶಾಲೆ, ಅಂಗಡಿ ಎಲ್ಲ ಪಾರ್ಕ್ ಒಳಗೇ ಇವೆ.

ಉಳಿದರ್ಧ ಸರ್ಕಾರದ ಕಾಡು. ಅದರ ಕಥೆ ಇನ್ನೂ ಚೆನ್ನಾಗಿದೆ. 19ನೇ ಶತಮಾನದಲ್ಲಿ ಮರ ಕಡಿಯುವವರು ಬೆಟ್ಟ ಬೋಳು ಮಾಡುತ್ತಾ ಹೋದಾಗ ಪೇಟೆಯವರಿಗೆ ಹೆದರಿಕೆ ಶುರುವಾಯಿತು. ಕಾಡಿನ ಮೇಲಿನ ಪ್ರೀತಿಗಿಂತ ಜಾಸ್ತಿ, ಹಡ್ಸನ್ ನದಿಗೂ ಸರಕು ದೋಣಿಗಳು ಓಡಾಡುತ್ತಿದ್ದ ಈರೀ ಕಾಲುವೆಗೂ ನೀರು ಕಡಿಮೆಯಾದರೆ ವ್ಯಾಪಾರದ ಗತಿ ಏನು ಅನ್ನುವ ಹೆದರಿಕೆ. 1892ರಲ್ಲಿ ಪಾರ್ಕ್ ಆಯಿತು. 1894ರಲ್ಲಿ ಆ ಕಾಡು ಎಂದೆಂದಿಗೂ ಕಾಡಾಗಿಯೇ ಇರಬೇಕು, ಮರ ಮಾರುವಂತಿಲ್ಲ ಅಂತ ರಾಜ್ಯದ ಸಂವಿಧಾನದಲ್ಲೇ ಬರೆದರು. ವೈಟ್‌ಫೇಸ್ ಬೆಟ್ಟಕ್ಕೆ ಒಂದು ರಸ್ತೆ ಮಾಡಲು 1927ರಲ್ಲಿ ಇಡೀ ರಾಜ್ಯದ ಮತದಾರರ ಒಪ್ಪಿಗೆ ಬೇಕಾಯಿತು! ಇಷ್ಟು ಗಟ್ಟಿ ಕಾನೂನಿರುವ ಕಾಡು ನಮ್ಮ ಬೂಟಿನ ವಿಷಯಕ್ಕೆ ಬಂದಾಗ ‘ದಯವಿಟ್ಟು’ ಅನ್ನುತ್ತದೆ. ನನಗೆ ಈ ಪಾರ್ಕ್ ಇಷ್ಟವಾಗುವುದು ಇಲ್ಲೇ.

ಆದರೆ ಗೆಳೆಯರೊಬ್ಬರು ಕೇಳಿದ ಪ್ರಶ್ನೆಯನ್ನು ತಳ್ಳಿಹಾಕಲು ಆಗುವುದಿಲ್ಲ. “ನನಗೆ ರಜೆ ಸಿಗೋದೇ ಏಪ್ರಿಲ್‌ನಲ್ಲಿ. ಐದು ಗಂಟೆ ಕಾರ್ ಓಡಿಸ್ಕೊಂಡು ಬಂದು ಕೆಸರು ಅಂತ ವಾಪಸ್ ಹೋಗ್ಬೇಕಾ?” ಬೇಡ ಮಾರಾಯ. ಬೆಟ್ಟ ಬಿಟ್ಟು ನದಿಗೆ ಹೋಗು. ಅದೇ ಹಿಮದ ನೀರು ಹಡ್ಸನ್ ನದಿಯ ಕಮರಿಯಾದ ಹಡ್ಸನ್ ಗಾರ್ಜ್‌ನಲ್ಲಿ ಆಗ ಭೋರ್ಗರೆಯುತ್ತಿರುತ್ತದೆ, ರಾಫ್ಟಿಂಗ್‌ಗೆ ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಚಳಿ ತಡೆಯುವ ವೆಟ್‌ಸೂಟ್ ಇಲ್ಲದೆ ಮಾತ್ರ ಇಳಿಯಬೇಡ, ನೀರು ಮೂಳೆ ಕೊರೆಯುತ್ತದೆ.

ಕೆಸರು ಒಣಗುವ ಹೊತ್ತಿಗೆ ಕಪ್ಪು ನೊಣ ಬರುತ್ತವೆ. ಮೇ ಮಧ್ಯದಿಂದ ಜೂನ್ ಕೊನೆವರೆಗೂ ಅವುಗಳದ್ದೇ ರಾಜ್ಯ. ಹರಿಯುವ ಶುದ್ಧ ನೀರಿನಲ್ಲಿ ಹುಟ್ಟುವ ಹುಳ ಇವು, ಅಲ್ಲಿ ಅಂಥ ನೀರಿಗೆ ಬರವೇ ಇಲ್ಲವಲ್ಲ. ಸೊಳ್ಳೆಯಂತೆ ಚುಚ್ಚುವುದಿಲ್ಲ, ಚರ್ಮವನ್ನೇ ಕೊಯ್ಯುತ್ತವೆ. ಕಚ್ಚಿದಾಗ ಗೊತ್ತೇ ಆಗುವುದಿಲ್ಲ. ಕಿವಿ ಹಿಂದೆ ಏನೋ ಹರಿದ ಹಾಗಾಯಿತು ಅಂತ ಮುಟ್ಟಿದರೆ ಬೆರಳಿಗೆ ರಕ್ತ. ಆಮೇಲೆ ಮೂರು ದಿನ ತುರಿಕೆ, ಊತ. ತಿಳಿ ಬಣ್ಣದ ಬಟ್ಟೆ ಹಾಕಿ, ತಲೆಗೆ ಬಲೆ ಹಾಕಿ. ಕತ್ತಲಾದ ಮೇಲೆ ಅವು ಕಚ್ಚುವುದಿಲ್ಲ, ಆಗ ಸೊಳ್ಳೆಗಳ ಸರದಿ.

ಬೇಸಿಗೆ, ಶರತ್ಕಾಲದ ಬಗ್ಗೆ ಎಲ್ಲರೂ ಬರೆದಾಗಿದೆ. ಪಾರ್ಕಿಂಗ್ ಸಿಗಲ್ಲ ಅನ್ನುವುದೊಂದನ್ನು ಸೇರಿಸಿದರೆ ನನ್ನ ಪಾಲಿನದೂ ಮುಗಿಯಿತು.

ಚಳಿಗಾಲಕ್ಕೆ ಬರೋಣ. ಎತ್ತರದ ಶಿಖರಗಳಿರುವ ಹೈ ಪೀಕ್ಸ್ ಭಾಗದಲ್ಲಿ ಎಂಟು ಇಂಚು ಅಥವಾ ಅದಕ್ಕಿಂತ ಜಾಸ್ತಿ ಹಿಮ ಇದ್ದರೆ ಸ್ನೋಶೂ (ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿನಡಿ ಕಟ್ಟುವ ಅಗಲವಾದ ಚೌಕಟ್ಟು) ಅಥವಾ ಸ್ಕೀ ಹಾಕಲೇಬೇಕು. ಇದು ವಿನಂತಿ ಅಲ್ಲ, ನಿಯಮ. ಇದರ ಬಗ್ಗೆ ಗೊಣಗುವವರು ತುಂಬಾ ಜನ. “ದಾರಿ ಗಟ್ಟಿಯಾಗಿದೆ, ಬರೀ ಬೂಟಲ್ಲೇ ನಡೆಯಬಹುದು, ಇದೇನು ಸುಮ್ನೆ ಭಾರ?” ಬೆಳಿಗ್ಗೆ ಹೌದು, ಗಟ್ಟಿ ಇರುತ್ತದೆ. ಮಧ್ಯಾಹ್ನ ಬಿಸಿಲಿಗೆ ಮೆತ್ತಗಾದಾಗ ಬರೀ ಬೂಟಿನ ಕಾಲು ತೊಡೆವರೆಗೂ ಹೂತುಹೋಗುತ್ತದೆ. ಎಳೆದುಕೊಂಡು ಮುಂದೆ ಹೋಗುತ್ತೀರಿ, ಗುಂಡಿ ಅಲ್ಲೇ ಉಳಿಯುತ್ತದೆ. ರಾತ್ರಿ ಅದರ ಅಂಚು ಕಲ್ಲಿನ ಹಾಗೆ ಹೆಪ್ಪುಗಟ್ಟುತ್ತದೆ. ಮೇಲೆ ನಾಲ್ಕು ಬೆರಳು ಹೊಸ ಹಿಮ ಬಿದ್ದರೆ ಕಾಣುವುದೂ ಇಲ್ಲ. ಮರುದಿನ ಇಳಿಯುತ್ತಾ ಬರುವವರ ಕಾಲು ಅದರೊಳಗೆ ಸಿಕ್ಕಿಕೊಂಡರೆ ಕಾಲು ಅಲ್ಲೇ ಇರುತ್ತದೆ, ಮೈ ಮುಂದೆ ಹೋಗುತ್ತದೆ. ಆಮೇಲೆ ರೇಂಜರ್‌ಗಳು ಸ್ಲೆಡ್ ಎಳೆದುಕೊಂಡು ಬರಬೇಕು. ನಿಮ್ಮ ಭಾರ ಉಳಿಯಿತು ಅಂತ ಬೇರೆಯವರ ಮೊಣಕಾಲು ಹೋಗಬೇಕಾ? ಈ ನಿಯಮಕ್ಕೆ ನನ್ನ ಪೂರ್ತಿ ಬೆಂಬಲವಿದೆ, ಗೊಣಗುವವರು ಗೊಣಗಲಿ.

ತುದಿಯಲ್ಲಿ ಇನ್ನೊಂದು ಲೋಕ. 5,344 ಅಡಿಯ ಮೌಂಟ್ ಮಾರ್ಸಿ ಶಿಖರದ ಮೇಲೆ ಮರ ಬೆಳೆಯುವುದಿಲ್ಲ. ಬಂಡೆಗಳ ಸಂದಿಯಲ್ಲಿ ಅಂಗೈ ಎತ್ತರದ ಗಿಡಗಳು, ಹಿಮಯುಗ ಕಳೆದ ಮೇಲೂ ಅಲ್ಲಿ ಉಳಿದುಕೊಂಡ ಜಾತಿಗಳು. ಗಾಳಿ, ಹಿಮ ಎಲ್ಲ ತಡೆದುಕೊಳ್ಳುತ್ತವೆ, ಬೂಟು ಮಾತ್ರ ತಡೆಯುವುದಿಲ್ಲ. ಬೇಸಿಗೆಯಲ್ಲಿ ಕಾವಲಿಗೆ ಅಂತಲೇ ಕೆಲವರು ದಿನಾ ಮೇಲೆ ಹತ್ತಿ ನಿಂತು, ಬಂದವರಿಗೆಲ್ಲ ‘ಬಂಡೆ ಮೇಲೆ ನಡೀರಿ’ ಅಂತ ನಗುನಗುತ್ತಾ ಹೇಳುತ್ತಾರೆ. 1980ರ ದಶಕದ ಕೊನೆಯಿಂದ ನಡೆದುಬಂದ ಕೆಲಸ ಇದು. ಬೋಳಾಗಿದ್ದ ಜಾಗದಲ್ಲಿ ಮತ್ತೆ ಹಸಿರು ಬಂದಿದೆ.

ಇನ್ನು ಜಾಹೀರಾತಿನವರು ಮರೆತೇಬಿಟ್ಟ ತಿಂಗಳು ಒಂದಿದೆ, ನವೆಂಬರ್. ಎಲೆ ಉದುರಿರುತ್ತದೆ, ಹಿಮ ಇನ್ನೂ ಕೂತಿರುವುದಿಲ್ಲ, ನೊಣ ಇಲ್ಲ, ಜನ ಇಲ್ಲ. ಬೋಳು ಮರಗಳ ನಡುವೆ ಎರಡು ಬೆಟ್ಟದಾಚೆಯ ಕೆರೆಯೂ ಕಾಣುತ್ತದೆ. ಹೋಗುವುದಾದರೆ ಆಗಲೇ ಹೋಗಿ. ಜಿಂಕೆ ಬೇಟೆಯ ಸಮಯ ಅದು, ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಳ್ಳಿ. ಹೆಡ್‌ಲ್ಯಾಂಪ್ ಇಟ್ಟುಕೊಳ್ಳಿ, ಸಂಜೆ ಐದಕ್ಕೆಲ್ಲ ಕತ್ತಲಾಗುತ್ತದೆ.