ಚಕ್ರಕ್ಕೆ ಕೊಟ್ಟ ಕಲ್ಲು

ಶನಿವಾರ ಬಂತೆಂದರೆ ಚಿಕ್ಕಮಗಳೂರು, ಸಕಲೇಶಪುರದ ಕಡೆ ಕಾರುಗಳ ಸಾಲು. ಟೂರಿಗೆ ಬಂದವರಿಗೆ ದಯೆ ದಾಕ್ಷಿಣ್ಯ ಇಲ್ಲ ಅನ್ನುವ ಮಾತು ನಾನು ಒಪ್ಪುವುದಿಲ್ಲ. ಗುರುತಿಲ್ಲದವರ ಕಾರು ಕೆಟ್ಟು ನಿಂತರೆ ನಾಲ್ಕು ಜನ ಇಳಿದು ಬಂದೇ ಬರುತ್ತಾರೆ. ಆದರೆ ಉಪಕಾರವನ್ನು ಅರ್ಧಕ್ಕೆ ಬಿಟ್ಟು ಹೊರಟುಬಿಡುತ್ತಾರೆ. ನನ್ನ ತಕರಾರು ಅಷ್ಟೇ.

ಏರಿನಲ್ಲಿ ನಿಂತ ಗಾಡಿಗೆ ಕಲ್ಲು ಕೊಡುವುದನ್ನೇ ನೋಡಿ. ಡ್ರೈವರ್ ಹ್ಯಾಂಡ್ ಬ್ರೇಕ್ ಎಳೆದಿದ್ದಾರಾ ಅಂತ ಮೊದಲು ಕೇಳಬೇಕು. ಕಲ್ಲು ತೆಂಗಿನಕಾಯಿಗಿಂತ ದೊಡ್ಡದಿರಲಿ, ಒಂದು ಮಗ್ಗುಲು ಚಪ್ಪಟೆ ಇರಲಿ. ಗುಂಡುಕಲ್ಲು ಚಕ್ರದ ಜೊತೆಗೇ ಉರುಳುತ್ತದೆ. ಎರಡೂ ಹಿಂಚಕ್ರಕ್ಕೆ ಕೊಡಿ, ಪಕ್ಕದಲ್ಲಿ ಕೂತು ಕೊಡಿ, ಗಾಡಿಯ ಹಿಂದೆ ನಿಲ್ಲಲೇಬೇಡಿ. ಆಮೇಲೆ ಒಂದು ಸೊಪ್ಪಿನ ಕೊಂಬೆ ಮುರಿದು ರಸ್ತೆಗೆ ಹಾಕಬೇಕು. ಗಾಡಿಯ ಬುಡದಲ್ಲಿ ಹಾಕಿದರೆ ಏನುಪಯೋಗ? ತಿರುವಿಗೆ ಮೊದಲೇ, ಬರುವವರಿಗೆ ಕಾಣುವ ಹಾಗೆ ಹಾಕಬೇಕು. ಗಾಡಿ ಹೊರಟ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿ ಹೋಗುತ್ತಾರೆ. ಕಲ್ಲು, ಕೊಂಬೆ ಎರಡೂ ಅಲ್ಲೇ. ರಾತ್ರಿ ಮಂಜಿನಲ್ಲಿ ಬರುವ ಬೈಕಿನವನಿಗೆ ಆ ಕಲ್ಲೇ ಯಮ.

ದಾರಿ ಬಿಡುವುದೂ ಹಾಗೇ. ಮುಳ್ಳಯ್ಯನಗಿರಿಯಂಥ ಕಿರಿದಾದ ರಸ್ತೆಯಲ್ಲಿ ಇಳಿಯುವವರು ನಿಂತು ಏರುವವರಿಗೆ ದಾರಿ ಕೊಡಬೇಕು. ಇದು ಬರೀ ದೊಡ್ಡತನವಲ್ಲ, ಚಾಲನಾ ನಿಯಮದಲ್ಲೇ ಇದೆ. ಏರಿನಲ್ಲಿ ನಿಂತ ಗಾಡಿ ಮತ್ತೆ ಹೊರಡುವಾಗ ಹಿಂದಕ್ಕೆ ಜಾರುತ್ತದೆ, ಹಾಫ್ ಕ್ಲಚ್ಚಿನಲ್ಲಿ ಒದ್ದಾಡಿ ಕ್ಲಚ್ ಪ್ಲೇಟ್ ಸುಡುತ್ತದೆ. ಆ ವಾಸನೆ ಹತ್ತು ಗಾಡಿಯ ಆಚೆಗೂ ಬರುತ್ತದೆ ಬಿಡಿ.

ಚಾರ್ಮಾಡಿ, ಶಿರಾಡಿ ಇಳಿಯುವಾಗ ಮುಂದಿನ ಕಾರಿನ ಚಕ್ರದಿಂದ ಸುಟ್ಟ ವಾಸನೆ, ಹೊಗೆ ಬಂದರೆ ಕೂಗಿ ಹೇಳಿ. ಬ್ರೇಕ್ ಕಾದಿದೆ ಅಂತ ಓಡಿಸುವವರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ಅಗಲವಾದ, ಸಮ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆಯಾದರೂ ಆರಲು ಬಿಡಲಿ. ಪಾಪ ಅಂತ ಬಾಟಲಿಯ ನೀರು ಸುರಿಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ, ಸೀಳಲೂಬಹುದು. ಮುಂದೆ ಎರಡನೇ ಗೇರಿನಲ್ಲೇ ಇಳಿಯಲು ಹೇಳಿ. ಆಗ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕಿನ ಮೇಲೆ ಕಾಲಿಟ್ಟೇ ಇರಬೇಕಿಲ್ಲ.

ಮಳೆಗಾಲದಲ್ಲಿ ಇಂಬಳ ಕಚ್ಚಿಸಿಕೊಂಡು ಕಿರುಚುವವರಿಗೆ ಬೈಯಬೇಡಿ, ನಗಲೂಬೇಡಿ. ಎಳೆಯುವ ಬದಲು ಅದರ ಬಾಯಿಯ ಬಳಿ ಉಗುರು ತೂರಿಸಿ ಸರಿಸಿದರೆ ಬಿಡುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಹಾಗಾಗಿ ಸುಮಾರು ಹೊತ್ತು ಸೋರುತ್ತದೆ. ತೊಳೆದು, ಬಟ್ಟೆ ಒತ್ತಿ ಹಿಡಿದರೆ ಸಾಕು. ಗಾಬರಿಯಾದವರಿಗೆ ಈ ಒಂದು ಮಾತೇ ಅರ್ಧ ಔಷಧಿ.

ಘಾಟಿಯ ಕೋತಿಗಳಿಗೆ ಚಿಪ್ಸ್ ಎಸೆಯುವುದನ್ನು ಮಾತ್ರ ನಾನು ದಯೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ರಸ್ತೆಗೆ ಬಂದು ಕೂರುವ ಚಟ ಕಲಿತ ಕೋತಿ ಲಾರಿಯ ಚಕ್ರಕ್ಕೆ ಸಿಗುತ್ತದೆ.

ಶ್ರವಣಬೆಳಗೊಳಕ್ಕೆ ಹೋಗುವವರಿಗೆ ಒಂದು ಸುಲಭದ ಉಪಾಯ: ಬ್ಯಾಗಿನಲ್ಲಿ ಎರಡು ಜೊತೆ ದಪ್ಪ ಕಾಟನ್ ಸಾಕ್ಸ್ ಹೆಚ್ಚಿಗೆ ಇಟ್ಟುಕೊಳ್ಳಿ. ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲು ಬರಿಗಾಲಲ್ಲೇ ಹತ್ತಬೇಕು. ಬೇಸಿಗೆಯಲ್ಲಿ 11 ಗಂಟೆ ದಾಟಿದರೆ ಬಂಡೆ ಕಾದ ಕಾವಲಿ. ಅಂಗಾಲು ಸುಟ್ಟು ನಡುದಾರಿಯಲ್ಲಿ ಕೂತ ಅಜ್ಜಿಗೆ ಒಂದು ಜೊತೆ ಕೊಡಿ. ಮಳೆ ಬಿದ್ದು ಮೆಟ್ಟಿಲು ಒದ್ದೆಯಾಗಿದ್ದರೆ ಮಾತ್ರ ಬೇಡ, ಸಾಕ್ಸ್ ಜಾರುತ್ತದೆ. ಆಗ ಕೈ ಕೊಟ್ಟು ನಿಧಾನಕ್ಕೆ ಇಳಿಸಿಕೊಂಡು ಬನ್ನಿ.